ಜಯಳ ಬಿಸ್ಕತ್ತು ಪೆಟ್ಟಿಗೆ

ಮೊನ್ನೆ ಸವಳಂಗ ರಸ್ತೆಯಲ್ಲಿ ಔಷಧಿ ಕೊಳ್ಳಲು ನಿಂತಿದ್ದೆ. ಪಕ್ಕದ ಅಂಗಡಿಯಲ್ಲಿ ಯಾರೋ ತಗಡಿಗೆ ಬೆಸುಗೆ ಹಾಕುತ್ತಿದ್ದರು. ಕಾದ ತಗಡಿನ ವಾಸನೆ ಮೂಗಿಗೆ ಬಡಿಯುತ್ತಲೇ ಮೂವತ್ತು ವರ್ಷಕ್ಕೂ ಹಿಂದಿನ ಹೊಟ್ಟೆಕಿಚ್ಚೊಂದು ಎದ್ದು ಕೂತಿತು. ಇಂಥ ವಾಸನೆಗಳಿಂದ ಜನಕ್ಕೆ ಬಾಲ್ಯ ನೆನಪಾಗುತ್ತದಂತೆ. ನನಗೆ ನೆನಪಾದದ್ದು ನನ್ನ ಸಣ್ಣತನ. ನಿಮ್ಮ ಹತ್ತಿರ ಹೇಳಿಕೊಳ್ಳಲು ಸಂಕೋಚವೇನಿಲ್ಲ. ಈ ವಯಸ್ಸಿನಲ್ಲಿ ಮರ್ಯಾದೆ ಹೋಗುವುದಾದರೂ ಎಲ್ಲಿಗೆ?

ಐವತ್ತರ ದಶಕದ ಕೊನೆ. ನಾನು ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಸಂಸ್ಕೃತ ಮೇಷ್ಟ್ರು. ಹೊಸಮನೆ ಬಡಾವಣೆಯ ಬಾಡಿಗೆ ಮನೆಯಲ್ಲಿ ನಾನು, ಹೆಂಡತಿ ಜಯ, ಹಲ್ಲೆಲ್ಲ ಉದುರಿದ ನನ್ನ ಅಮ್ಮ. ನಿನ್ನೆ ಮಾಡಿದ ಗೊಜ್ಜನ್ನು ಇವತ್ತೂ ಹಾಗೇ ಮಾಡುವುದೆಂದರೆ ಜಯಳಿಗೆ ಅವಮಾನ. ಹಲಸಿನ ಬೀಜ ಒಣಗಿಸಿ, ಹಿಟ್ಟು ಮಾಡಿ ಚಕ್ಕುಲಿ ಒತ್ತಿದಳು. ಚಕ್ಕುಲಿ ಒರಳು ಮುರಿದಾಗ ಖಾಲಿ ಪೌಡರ್ ಡಬ್ಬದ ತಳಕ್ಕೆ ಮೊಳೆಯಿಂದ ತೂತು ಹೊಡೆದು ಹೊಸದು ಮಾಡಿಕೊಂಡಳು. ಆ ವಾರದ ಚಕ್ಕುಲಿಗೆಲ್ಲ ಮಲ್ಲಿಗೆಯ ಘಮ. ಸೈಕಲ್ ಕಡ್ಡಿ ಬಗ್ಗಿಸಿ ವಡೆ ಎತ್ತುವ ಕೊಕ್ಕೆ ಮಾಡಿದಳು. ಅದು ನನ್ನದೇ ಸೈಕಲ್ಲಿನ ಕಡ್ಡಿ ಎಂದು ತಿಳಿದದ್ದು ಚಕ್ರ ಅಲುಗತೊಡಗಿದ ಮೇಲೆ.

ಆಮೇಲೆ ಹಿಡಿದದ್ದು ಬಿಸ್ಕತ್ತಿನ ಹುಚ್ಚು. ಮೊಟ್ಟೆ ಹಾಕಿರುತ್ತಾರೆಂದು ಬೇಕರಿಯದು ನಮ್ಮ ಮನೆಗೆ ಬರುತ್ತಿರಲಿಲ್ಲ. ರಾಗಿ, ಬೆಲ್ಲ, ಬೆಣ್ಣೆಯಲ್ಲಿ ತಾನೇ ಮಾಡುತ್ತೇನೆಂದು ಜಯ ಹಠ ಹಿಡಿದಳು. ಸೀಮೆಎಣ್ಣೆಯ ಡಬ್ಬವನ್ನು ಸೀಗೆಪುಡಿ ಹಾಕಿ ಉಜ್ಜಿ, ಪಕ್ಕ ಕತ್ತರಿಸಿ ಬಾಗಿಲು ಮಾಡಿ, ಕೆಳಗೆ ಕೆಂಡ ಒಡ್ಡಿದಳು. ಬಿಸ್ಕತ್ತು ಕೆಳಗೆ ಇದ್ದಿಲು, ಮೇಲೆ ಹಸಿ ಹಿಟ್ಟು. ಅಮ್ಮ ಮೇಲಿನದನ್ನು ಬೆರಳಿನಿಂದ ಕೆರೆದು ತಿಂದು, "ರುಚಿ ಇದೆ ಕಣೇ, ಬೆಂದಿಲ್ಲ ಅಷ್ಟೆ" ಎಂದಳು.

ಆಗ ಬಂದವರು ಗಫಾರ್. ನಮ್ಮ ಬೀದಿಯ ಕೊನೆಯ ಮನೆಯವರು. ಸವಳಂಗ ರಸ್ತೆಯಲ್ಲಿ ಅವರ ಲಾರಿ ರಿಪೇರಿ ಅಂಗಡಿ. ನೀರಿನ ಹಂಡೆ ಸೋರುತ್ತಿದೆಯೆಂದು ಅಮ್ಮನೇ ಕರೆಸಿದ್ದಳು. ಹಂಡೆಯ ಕೆಲಸ ಮುಗಿಸಿದವರು ಹಿತ್ತಲಲ್ಲಿದ್ದ ಡಬ್ಬ ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತರು.

"ಅಮ್ಮಾ, ಬೆಂಕಿ ಬರೀ ಕೆಳಗಿದ್ರೆ ಹಿಂಗೇ ಆಗೋದು. ಬಿಸಿ ಹೊಗೆ ಡಬ್ಬ ಸುತ್ತಿ ಹೋಗ್ಬೇಕು."

"ಸುತ್ತಿ ಅಂದ್ರೆ? ಪ್ರದಕ್ಷಿಣೆ ಹಾಕ್ಬೇಕಾ?" ಎಂದಳು ಜಯ.

"ಹಾಕ್ಲಿ ಬಿಡಿ. ಒಳಗಿರೋ ಬಿಸ್ಕತ್ತಿಗೂ ಪುಣ್ಯ ಬರ್ಲಿ."

ಜಯ ನಕ್ಕಳು. ಸೆರಗಿನಿಂದ ಬಾಯಿ ಮುಚ್ಚಿಕೊಳ್ಳದೆ, ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ನಾನು ಯಾರದೋ ಸರಿಯಾದ ಉತ್ತರಕ್ಕೆ ತಪ್ಪು ಹಾಕಿದೆ.

ಅಲ್ಲಿಂದ ಪ್ರತಿ ಭಾನುವಾರ ಗಫಾರ್ ಬಂದರು. ಅಮ್ಮ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಿರುತ್ತಿದ್ದಳು. ನನಗೆ ಕೆಟ್ಟ ಸಂದೇಹವೇನೂ ಇರಲಿಲ್ಲ, ನಂಬಿ. ನನ್ನನ್ನು ಸುಟ್ಟದ್ದು ಅವರ ಮಾತು. ತಗಡಿನ ದಪ್ಪ, ಗಾಳಿಯ ದಾರಿ, ಬೆಣ್ಣೆ ಕರಗುವ ಹದ ಎಂದು ಒಬ್ಬರ ಮಾತನ್ನು ಒಬ್ಬರು ಕಸಿದುಕೊಂಡು ಮಾತಾಡುತ್ತಿದ್ದರು. ನನ್ನ ಜೊತೆ ಜಯ ಅಷ್ಟು ಹೊತ್ತು ಮಾತಾಡಿದ್ದೇ ಇಲ್ಲ. ಒಮ್ಮೆ ನಾನೂ ಹೋಗಿ, "ತಾಮ್ರದ್ದಾದ್ರೆ ಹೇಗೆ?" ಎಂದೆ. ಇಬ್ಬರೂ ಮರ್ಯಾದೆಯಿಂದ ಸುಮ್ಮನಾದರು. ಆ ಮರ್ಯಾದೆ ಇನ್ನಷ್ಟು ಉರಿ ತಂದಿತು.

ಗಫಾರ್ ಆ ಡಬ್ಬವನ್ನು ಸರಿಯಾದ ಪೆಟ್ಟಿಗೆಯಾಗಿ ಮಾಡಿಕೊಡುತ್ತೇನೆಂದು ಅಂಗಡಿಗೆ ಒಯ್ದರು. ಮರುದಿನ ಶಾಲೆ ಬಿಟ್ಟವನು ನೇರ ಅಲ್ಲಿಗೆ ಹೋದೆ.

"ಆ ಪೆಟ್ಟಿಗೆ ಬೇಡ, ಗಫಾರ್. ನಮ್ಮಮ್ಮ ಮಡಿ ಹೆಂಗಸು. ನಿಮ್ಮ ಕೈಯಲ್ಲಾದ ಪೆಟ್ಟಿಗೇಲಿ ಬೇಯಿಸಿದ್ದು ಅವಳಿಗೆ ಆಗಲ್ಲ."

ಅವರು ಸುತ್ತಿಗೆ ಕೆಳಗಿಟ್ಟರು. "ಅಮ್ಮ ಹಂಗಂದ್ರಾ?"

"ಹೂಂ."

"ಆಯ್ತು, ಮೇಷ್ಟ್ರೇ" ಎಂದರು. ಮತ್ತೆ ನನ್ನ ಮುಖ ನೋಡಲಿಲ್ಲ.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಜಯ ಬೆಣ್ಣೆ ಕಡೆದಿಟ್ಟು ಕಾದಳು. "ಕೆಲಸ ಇರಬಹುದು" ಎಂದೆ. ಕೊನೆಗೆ ಅಮ್ಮ ತರಕಾರಿಯವಳ ಹತ್ತಿರ ಗಫಾರರ ಹೆಂಡತಿ ಜುಬೇದಾಳನ್ನು ಕಂಡಳು. ಮುಖ ತಿರುಗಿಸಿಕೊಂಡು ಹೊರಟವಳನ್ನು ನಿಲ್ಲಿಸಿ ಕೇಳಿದಳು. ಮನೆಗೆ ಬಂದವಳೇ ಬುಟ್ಟಿ ಕುಕ್ಕಿ, "ಇಂಥ ಮಾತನ್ನ ನನ್ನ ಬಾಯಲ್ಲಿ ಯಾಕೋ ಹಾಕ್ದೆ? ನಾನೇ ಕರೆಸಿದ ಮನುಷ್ಯನಿಗೆ?" ಎಂದಳು. ಜಯ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಮರುದಿನದಿಂದ ಅನ್ನ, ಸಾರು. ಅದರ ಮರುದಿನವೂ ಅನ್ನ, ಸಾರು. ಒಂದು ಹಪ್ಪಳವಿಲ್ಲ. ಮೂರನೇ ವಾರಕ್ಕೆ, "ಏನೂ ಹೊಸದು ಮಾಡ್ಲಿಲ್ವಾ?" ಎಂದೆ.

"ಯಾರಿಗೆ?" ಎಂದಳು.

ಗಫಾರ್ ಆಗ ದೊಡ್ಡ ಕೆಲಸವೊಂದು ಸಿಕ್ಕಿ, ಕೆಲವು ವಾರಕ್ಕೆಂದು ಅಂಗಡಿ ಮುಚ್ಚಿ ಭದ್ರಾವತಿಯ ಲಾರಿ ಷೆಡ್ಡೊಂದರಲ್ಲಿ ನಿಂತಿದ್ದರು. ಆ ಭಾನುವಾರ ರೈಲು ಹತ್ತಿದೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಚಂದದ ಕನ್ನಡದಲ್ಲಿ ಜೋಡಿಸಿಕೊಂಡಿದ್ದೆ. ಷೆಡ್ಡಿನ ಹಿಂದೆ, ನಾನು ಬೇಡವೆಂದಿದ್ದ ಅದೇ ಪೆಟ್ಟಿಗೆ ಉರಿಯುತ್ತಿತ್ತು; ಕೆಲಸಗಾರನೊಬ್ಬ ತಮಿಳಿನಲ್ಲಿ ಏನೋ ಗುನುಗುತ್ತ ಅದರಲ್ಲಿ ಗೆಣಸು ಸುಡುತ್ತಿದ್ದ. ನೋಡಿದೊಡನೆ ಜೋಡಿಸಿದ್ದೆಲ್ಲ ಮರೆತುಹೋಯಿತು.

"ಅಮ್ಮ ಏನೂ ಅಂದಿರ್ಲಿಲ್ಲ. ನಾನೇ ಹೇಳಿದ್ದು, ಸುಳ್ಳು. ನೀವಿಬ್ಬರು ಮಾತಾಡೋದು ನೋಡಿ ಹೊಟ್ಟೆ ಉರೀತು."

ಗಫಾರ್ ಕೂತಲ್ಲೇ ಕೈಯ ಗ್ರೀಸು ಒರೆಸಿಕೊಂಡರು. "ಹೊಟ್ಟೆ ಉರೀತು ಅಂತ ಆವತ್ತೇ ಹೇಳೋದಲ್ವಾ, ಮೇಷ್ಟ್ರೇ? ಅದು ನಂಗೂ ಅರ್ಥ ಆಗ್ತಿತ್ತು. ಆ ಮುದುಕಮ್ಮ ಹಂಗಂದ್ರು ಅಂತ ನಾನು ಎಷ್ಟು ದಿವ್ಸ ಊಟ ಸರಿಯಾಗಿ ಮಾಡಿಲ್ಲ ಗೊತ್ತಾ?"

ಅವರು ಎದ್ದು ತಗಡೊಂದನ್ನು ಎಳೆದು ತಂದರು. "ಇದು ಇಲ್ಲಿಯವರದ್ದಾಯ್ತು, ಕೊಡಲ್ಲ. ಬೇರೆ ಮಾಡೋಣ. ಹಿಡ್ಕೊಳ್ಳಿ. ಜೋರಾಗಿ ಹಿಡ್ಕೊಳ್ಳಿ ಮಾರಾಯ್ರೇ, ಪುಸ್ತಕ ಅಲ್ಲ ಅದು!"

ಸಂಜೆಯವರೆಗೂ ಹಿಡಿದೆ, ಬಡಿದೆ, ಹೆಬ್ಬೆರಳು ಕುಯ್ದುಕೊಂಡೆ. ರೈಲಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಜಯ ಅದರ ಬಾಗಿಲು ತೆಗೆದು, ಒಳಗೆಲ್ಲ ಕೈಯಾಡಿಸಿದಳು.

"ಈ ಮೂಲೆ ಸೊಟ್ಟ. ಗಫಾರ್ ಹೀಗೆ ಮಾಡಲ್ಲ."

"ಅದು ನಂದು."

ಅವಳು ನಗಲಿಲ್ಲ. "ಅವರು ಬರ್ತಾರಾ?"

"ಭಾನುವಾರ ಬರ್ತಾರಂತೆ. ಜುಬೇದಾನೂ."

"ಹಾಗಾದ್ರೆ ಆವತ್ತೇ ಹಚ್ಚೋಣ" ಎಂದು ಬಾಗಿಲು ಮುಚ್ಚಿದಳು.

ಭಾನುವಾರ ಬಿಸ್ಕತ್ತು ಮೇಲೂ ಕೆಳಗೂ ಒಂದೇ ಬಣ್ಣಕ್ಕೆ ಬೆಂದವು. ಅಮ್ಮ ಮೊದಲನೆಯದನ್ನು ಗಫಾರರ ಎದುರೇ ಕಾಫಿಯಲ್ಲಿ ಅದ್ದಿ ತಿಂದಳು. ಇನ್ನೊಂದನ್ನು ತಾನೇ ಅವರ ಕೈಗಿಟ್ಟಳು. ಜಯ, ಗಫಾರ್ ಆಗಲೇ ಮುಂದಿನ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕೆಂದು ವಾದಕ್ಕಿಳಿದಿದ್ದರು. ನನ್ನ ಹೊಟ್ಟೆಕಿಚ್ಚು ಆರಿತ್ತೇ? ಇಲ್ಲ. ಆದರೆ ಜಗಲಿಗೆ ಹೋಗದೆ ಅಲ್ಲೇ ಕೂತೆ.

ಇಷ್ಟನ್ನೂ ಬರೆದು ಇವತ್ತು ಬೆಳಿಗ್ಗೆ ಜಯಳಿಗೆ ಓದಿ ಹೇಳಿದೆ. ಸೊಪ್ಪು ಬಿಡಿಸುತ್ತ ಕೇಳಿದಳು.

"ಒಂದು ಬಿಟ್ಟಿದ್ದೀರಿ. ಆ ಡಬ್ಬ ಹಿಡ್ಕೊಂಡು ನಾನು ಮೊದ್ಲು ಬಂದಿದ್ದು ನಿಮ್ಮ ಹತ್ರ. ಮೇಲೆ ಯಾಕೆ ಬೇಯಲ್ಲ ಅಂತ ಕೇಳ್ದೆ. ನೀವು ತಲೆ ಎತ್ತದೆ 'ಆಮೇಲೆ' ಅಂದ್ರಿ."

ನನಗೆ ನೆನಪೇ ಇಲ್ಲ. ಎಷ್ಟು ತಡಕಿದರೂ ಆ ಗಳಿಗೆ ಸಿಗುತ್ತಿಲ್ಲ. ಅವಳಿಗೆ ಮಾತ್ರ ನಾನು ಆವತ್ತು ಓದುತ್ತಿದ್ದ ಪುಸ್ತಕದ ರಟ್ಟಿನ ಬಣ್ಣವೂ ನೆನಪಿದೆ.