ಪಕ್ಕದ ಮನೆಯ ಊಟ

ಅಣ್ಣ ತರಬೇತಿಗೆಂದು ಜರ್ಮನಿಗೆ ಹೋದವನು ಅಲ್ಲಿಯವಳನ್ನೇ ಮದುವೆಯಾಗಿ ನಿಂತುಬಿಟ್ಟ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿ ಮುಚ್ಚಿ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದ ನನ್ನ ಮನೆಗೆ ಬಂದರು. ಬಂದರೇನೋ ಸರಿ, ಊಟ ಮಾತ್ರ ಮಾಡಲೊಲ್ಲರು. ಹೆಣ್ಣು ಕೊಟ್ಟ ಮನೆಯಲ್ಲಿ ಉಣ್ಣಬಾರದಂತೆ.

"ಅದೆಲ್ಲ ಹಳೇ ಕಾಲದ್ದು, ಇಲ್ಲಿ ಯಾರೂ ನೋಡಲ್ಲ" ಎಂದು ಅಣ್ಣ ಬರೆದ. ಸಮುದ್ರದಾಚೆ ಕೂತು ಹೇಳುವುದಕ್ಕೇನಂತೆ! ಇಲ್ಲಿ ಅಪ್ಪ ಅವಲಕ್ಕಿ ನೆನೆಸಿಕೊಂಡು ತಿಂದು ದಿನ ದೂಡುತ್ತಿದ್ದರು. ಅಂಗಿ ಮೈಮೇಲೆ ಜೋತಾಡುತ್ತಿತ್ತು. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು.

ಉಪಾಯ ಹೇಳಿದ್ದು ಪಕ್ಕದ ಮನೆಯಾಕೆ. ಅವರೂ ನಮ್ಮವರೇ, ಲಿಂಗಾಯತರು. "ನಿಮ್ಮಪ್ಪ ದುಡ್ಡು ಕೊಟ್ಟು ನಮ್ಮನೇದು ಉಣ್ಲಿ ಮಾರಾಯ್ತಿ. ಮಗ ಕಳ್ಸೋ ದುಡ್ಡಲ್ವಾ, ತಪ್ಪೇನು?"

ಅಪ್ಪ ಒಪ್ಪಿದರು. ಆದರೆ ಸ್ವಲ್ಪ ದಿನಕ್ಕೇ ಆಕೆಗೆ ಮಂಡಿನೋವು ಹೆಚ್ಚಾಗಿ ಒಲೆಯ ಮುಂದೆ ಅಷ್ಟು ಹೊತ್ತು ಕೂರಲಾಗಲಿಲ್ಲ. ಆಮೇಲೆ ಅಡುಗೆ ನನ್ನದು, ತಂದಿಡುವುದು ಆಕೆಯದು. ಹಿತ್ತಲಿನಿಂದ ಆಚೆ ಹೋದ ತಟ್ಟೆ ಮುಂಬಾಗಿಲಿನಿಂದ ನಮ್ಮ ಮನೆಗೇ ವಾಪಸ್ಸು ಬರುತ್ತಿತ್ತು. ಅಪ್ಪ ವಿಭೂತಿ ಹಚ್ಚಿಕೊಂಡು ಕೂತು, ಚೆನ್ನಾಗಿ ಉಂಡು, "ಆ ತಾಯಿ ಕೈರುಚಿ ಭಾಳ ಚೆನ್ನಾಗಿದೆ ಕಣಮ್ಮ, ನೀನೂ ಕಲ್ತ್ಕೋ" ಎನ್ನುವರು. ನಾನು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು, ಅಪ್ಪನ ಮೈ ತುಂಬಿಕೊಂಡಿತು.

ಆಕೆಯ ಗಂಡ ನಿವೃತ್ತರಾದರು. ಕ್ವಾರ್ಟರ್ಸ್ ಬಿಟ್ಟುಕೊಟ್ಟು ಅವರು ಊರಿಗೆ ಹೊರಟುಹೋದರು. ಮರುದಿನ ಮಧ್ಯಾಹ್ನ ಕಾರ್ಖಾನೆಯ ಸೈರನ್ ಆದ ಮೇಲೆ ನಾನೇ ತಟ್ಟೆ ತಂದಿಟ್ಟೆ. ಅಪ್ಪ ಏನೂ ಕೇಳಲಿಲ್ಲ. ಅನ್ನಕ್ಕೆ ಸಾರು ಕಲಸಿ ಉಣ್ಣತೊಡಗಿದರು.

ಅಷ್ಟೂ ದಿನದ ಹೊಗಳಿಕೆ ಪಕ್ಕದ ಮನೆಯವಳ ಪಾಲಾಗಿತ್ತಲ್ಲ, ನನಗೆ ತಡೆಯಲಾಗಲಿಲ್ಲ.

"ಇದು ನನ್ನ ಅಡುಗೆ ಅಪ್ಪಾ. ಇಷ್ಟು ದಿನ ನೀವು ಉಂಡಿದ್ದೂ ನಂದೇ."

"ಗೊತ್ತು ಕಣಮ್ಮ" ಎಂದರು, ತಲೆ ಎತ್ತದೆ. "ನಿಮ್ಮಮ್ಮನ ಕೈರುಚಿ ನಂಗೆ ಗೊತ್ತಾಗಲ್ವಾ? ನೀನು ಬಾಯಿಬಿಟ್ಟು ಹೇಳ್ದೆ ಇದ್ದಿದ್ರೆ ಇನ್ನೂ ಉಣ್ತಿದ್ದೆ."

ತಟ್ಟೆಯಲ್ಲಿದ್ದುದನ್ನು ಒಂದಗುಳೂ ಬಿಡದೆ ಉಂಡು, ಕೈ ತೊಳೆದು, ಬಟ್ಟೆ ಮಡಚತೊಡಗಿದರು. ಶಿವಮೊಗ್ಗಕ್ಕೆ, ದುರ್ಗಿಗುಡಿಯ ಚಿಕ್ಕಪ್ಪನ ಮನೆಗಂತೆ. ಅಲ್ಲಿ ಮಲಗಲು ಜಾಗವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾನು ಕಾಲು ಹಿಡಿದುಕೊಂಡು ಅತ್ತೆ.

"ಬಿಡಮ್ಮ, ಬಸ್ಸಿಗೆ ಹೊತ್ತಾಯ್ತು" ಎಂದರು.