ಮರಳಿನ ಬಕೆಟ್ಟಿನಲ್ಲಿ ಮೂರು ದಿನ ಇದ್ದ ಡಬ್ಬಿ

ಹೋದ ವರ್ಷ ಫೆಬ್ರವರಿಯ ಮಾತು. ನಾನು ನರಸಿಂಹರಾಜಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವವಳು. ಕೊಪ್ಪದಿಂದ ದಿನಾ ಬಸ್ಸಿನಲ್ಲಿ ಓಡಾಟ. ಬಂದ ಕವರು ಒಡೆಯುವುದು, ಸೀಲು ಹೊಡೆಯುವುದು, ನಂಬರ್ ಹಾಕಿ ಒಳಗೆ ಕಳಿಸುವುದು, ಇಷ್ಟೇ ನನ್ನ ಕೆಲಸ.

ಎಲ್ಲೋ ದೂರದ ಊರಿನ ಕಚೇರಿಗೆ ಬೆದರಿಕೆ ಪತ್ರ ಬಂತೆಂದು ಸುದ್ದಿಯಾದ ಮೇಲೆ ನಮಗೂ ಒಂದು ಸುತ್ತೋಲೆ ಬಂತು. ಬರುವ ಟಪಾಲನ್ನೆಲ್ಲ ಪರೀಕ್ಷಿಸಿಯೇ ಒಳಗೆ ಬಿಡಬೇಕು. ಕಳಿಸಿದವರ ಹೆಸರಿಲ್ಲದ್ದು, ಬೇಕಾದ್ದಕ್ಕಿಂತ ಹೆಚ್ಚು ಸ್ಟಾಂಪ್ ಹಚ್ಚಿದ್ದು, ಅತಿಯಾಗಿ ಟೇಪ್ ಸುತ್ತಿದ್ದು, 'ಸಾಹೇಬರೇ ಬಿಚ್ಚುವುದು' ಅಂತ ಬರೆದದ್ದು, ಇಂಥವು ಅನುಮಾನದ ವಸ್ತು. ಬಿಚ್ಚಬೇಡಿ, ಅಲ್ಲಾಡಿಸಬೇಡಿ, ದೂರ ಇಟ್ಟು ಪೊಲೀಸರಿಗೆ ತಿಳಿಸಿ. ನಾನು ಆ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು ನನ್ನ ಮೇಜಿನ ಹಿಂದಿನ ಗೋಡೆಗೆ ಅಂಟಿಸಿದೆ. ನಿಯಮ ಅಂದರೆ ನನಗೆ ಮೊದಲಿಂದಲೂ ಪ್ರೀತಿ. ಉಪ್ಪಿಟ್ಟಿಗೆ ಉಪ್ಪು ಹಾಕಲಿಕ್ಕೂ ಇವಳಿಗೆ ಸುತ್ತೋಲೆ ಬೇಕು ಅಂತ ನಮ್ಮ ಮನೆಯವರು ಹಂಗಿಸುವುದುಂಟು. ಕಚೇರಿಯಲ್ಲಿ ಒಂದೇ ವಾರದಲ್ಲಿ ನನಗೆ 'ಬಾಂಬ್ ಮೇಡಂ' ಅಂತ ಹೆಸರೂ ಬಿತ್ತು.

ತೊಂದರೆ ಏನೆಂದರೆ, ನಮ್ಮ ಕಡೆಯ ಜನಕ್ಕೆ ಬರೀ ಅರ್ಜಿ ಬರೆದರೆ ಸಮಾಧಾನ ಇಲ್ಲ. ಜೊತೆಗೆ ಸಾಕ್ಷಿಯನ್ನೂ ಇಡಬೇಕು. ರೇಷನ್ ಅಕ್ಕಿಯಲ್ಲಿ ಕಲ್ಲಿದೆ ಎಂದು ಬರೆದವರು ಒಂದು ಹಿಡಿ ಅಕ್ಕಿ ಕಟ್ಟಿ ಕಳಿಸುತ್ತಾರೆ. ರಸ್ತೆ ಕಿತ್ತುಹೋಗಿದೆ ಎಂದು ಭಂಡಿಗಡಿ ಕಡೆಯವರೊಬ್ಬರು ಡಾಂಬರಿನ ಹೆಂಟೆಯನ್ನೇ ಪೋಸ್ಟ್ ಮಾಡಿದ್ದರು. ಇದೆಲ್ಲ ನನಗೆ ಗೊತ್ತಿದ್ದ ಸಂಗತಿ. ಆದರೂ ಗೋಡೆಯ ಮೇಲೆ ಪಟ್ಟಿ ಬಂದ ಮೇಲೆ ನಾನು ಪಟ್ಟಿ ನೋಡಲು ಶುರುಮಾಡಿದೆ, ಜನರನ್ನು ನೋಡುವುದು ಬಿಟ್ಟೆ.

ಒಂದು ಸೋಮವಾರ ಆ ಪಾರ್ಸೆಲ್ ಬಂತು. ಅಂಗೈಯಷ್ಟು ಅಗಲ. ಕಂದು ಬಣ್ಣದ ಟೇಪನ್ನು ಜಾಗವೇ ಇಲ್ಲದಂತೆ ಸುತ್ತಿದ್ದರು. ಕಳಿಸಿದವರ ಹೆಸರಿಲ್ಲ. ಸ್ಟಾಂಪುಗಳು ಒಂದರ ಮೇಲೊಂದು. ಮೇಲೆ ಸೊಟ್ಟ ಅಕ್ಷರದಲ್ಲಿ, 'ದೊಡ್ಡ ಸಾಹೇಬರು ಖುದ್ದು ಬಿಚ್ಚಿ ನೋಡಬೇಕು.' ನನ್ನ ಪಟ್ಟಿಯ ನಾಲ್ಕು ಲಕ್ಷಣ ಒಂದರಲ್ಲೇ ಇದ್ದವು. ಹೆದರಿದೆ. ನಿಜ ಹೇಳಬೇಕೆಂದರೆ, ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು.

ನಮ್ಮ ಅಟೆಂಡರ್ ಧರ್ಮಪ್ಪ ಮುಂದಿನ ವರ್ಷ ನಿವೃತ್ತಿಯಾಗುವವರು, ತಾಲೂಕಿನ ಹಳ್ಳಿ ಹಳ್ಳಿ ಬಲ್ಲವರು. ಬಗ್ಗಿ ನೋಡಿ ಹೇಳಿದರು, "ಮೇಡಂ, ಮುದ್ರೆ ಸೀತೂರಿಂದು. ಅಲ್ಲಿ ಪೋಸ್ಟಿಗೆ ಒಂದು ಫೋನ್ ಮಾಡಿದ್ರೆ ಯಾರು ಕೊಟ್ಟಿದ್ದು ಅಂತ ಹೇಳ್ತಾರೆ. ವಾರಕ್ಕೆ ಅಲ್ಲಿ ಎಷ್ಟು ಪಾರ್ಸಲ್ ಬರ್ತವೆ ಮಾರಾಯ್ರೆ."

"ಸುತ್ತೋಲೆಯಲ್ಲಿ ಹಾಗೆ ಮಾಡಿ ಅಂತ ಇಲ್ಲ ಧರ್ಮಪ್ಪ. ಮೊದಲು ನೀವು ದೂರ ಹೋಗಿ," ಎಂದು ಗದರಿದೆ.

ಅವರು ಹಿಂದೆ ಸರಿದರು. ಬೆಂಕಿ ಆರಿಸಲು ಇಟ್ಟಿದ್ದ ಕೆಂಪು ಬಕೆಟ್ಟಿನ ಮರಳಲ್ಲಿ ಪಾರ್ಸೆಲ್ ಇಟ್ಟು, ಬಕೆಟ್ಟನ್ನು ಹಿಂದಿನ ಅಂಗಳಕ್ಕೆ ಸಾಗಿಸಿ, ಸುತ್ತ ಹಗ್ಗ ಕಟ್ಟಿಸಿದೆ. ಸಾಹೇಬರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ. ಬಿಚ್ಚಿ ಅನ್ನಲಿಲ್ಲ, ಬಿಡಿ ಅನ್ನಲೂ ಇಲ್ಲ, ಪೊಲೀಸರಿಗೆ ಪತ್ರ ಬರೆಯಿರಿ ಎಂದರು. ಪೊಲೀಸರು ಬಂದು ದೂರದಿಂದ ನೋಡಿ, ಇದನ್ನು ಬಿಚ್ಚುವ ತಂಡ ಜಿಲ್ಲಾ ಕೇಂದ್ರದಿಂದ ಬರಬೇಕು ಎಂದರು. ತಂಡ ಬೇರೆಲ್ಲೋ ಬಂದೋಬಸ್ತಿನಲ್ಲಿತ್ತು. ಮಂಗಳವಾರ ಹೋಯಿತು, ಬುಧವಾರವೂ ಹೋಯಿತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ನಾನು ಈ ಕಥೆ ಹೇಳಿದ್ದೇ ಹೇಳಿದ್ದು.

ಗುರುವಾರ ಬೆಳಿಗ್ಗೆ ತಂಡ ಬಂತು, ನಾಯಿಯೂ ಬಂತು. ನಾಯಿ ಒಮ್ಮೆ ಮೂಸಿ, ಬೇಡವೆಂಬಂತೆ ಆಚೆ ಹೋಗಿ ಕೂತಿತು. ಒಬ್ಬರು ದಪ್ಪ ಗ್ಲೌಸು ತೊಟ್ಟು ಟೇಪ್ ಕತ್ತರಿಸಿದರು. ಒಳಗೆ ಎಲೆ ಅಡಿಕೆ ಹಾಕುವವರ ಸುಣ್ಣದ ಡಬ್ಬಿ. ಡಬ್ಬಿಯೊಳಗೆ ಹತ್ತಿ, ಹತ್ತಿಯಲ್ಲಿ ಎಳ್ಳುಕಾಳಿನಷ್ಟು ಸಣ್ಣ ಉಣುಗುಗಳು. ದನಕ್ಕೆ, ಕಾಡಿಗೆ ಹೋದವರ ಕಾಲಿಗೆ ಹತ್ತಿ ರಕ್ತ ಹೀರುತ್ತವಲ್ಲ, ಅವು. ಕೆಲವಕ್ಕೆ ಇನ್ನೂ ಜೀವ ಇತ್ತು.

"ಬಾಂಬ್ ಮೇಡಂ, ನಿಮ್ಮ ಬಾಂಬಿಗೆ ಕಾಲು ಬಂದಿದೆ," ಎಂದು ಯಾರೋ ನಕ್ಕರು. ನಾನೂ ನಗಲು ಹೊರಟಿದ್ದೆ. ಅಷ್ಟರಲ್ಲಿ ಡಬ್ಬಿಗೆ ಸುತ್ತಿದ್ದ ಕಾಗದ ಬಿಡಿಸಿ ಧರ್ಮಪ್ಪ ಓದಿದರು.

'ಸ್ವಾಮಿ, ನಮ್ಮ ಮನೆ ಹಿಂದಿನ ಕಾಡಲ್ಲಿ ಎರಡು ಮಂಗ ಸತ್ತು ಬಿದ್ದಿವೆ. ಮಂಗ ಸತ್ತರೆ ತಿಳಿಸಿ ಅಂತ ನಿಮ್ಮ ಕರಪತ್ರದಲ್ಲೇ ಇದೆ. ನಮ್ಮಲ್ಲಿ ಫೋನ್ ಸಿಗುವುದಿಲ್ಲ. ನಂಬಿಕೆ ಬರಲಿ ಅಂತ ಅಲ್ಲಿಯ ಉಣುಗು ಹಿಡಿದು ಕಳಿಸಿದ್ದೇನೆ. ಕೊಟ್ಟಿಗೆಗೆ ದರಗು ಇಲ್ಲ, ಹೆಂಗಸರು ಗುಡಿಸಲು ಕಾಡಿಗೆ ಹೋಗಬೇಕು. ನೀವು ಬರುವ ತನಕ ತಡೆದಿದ್ದೇನೆ.' ಕೆಳಗೆ ಶೇಷಮ್ಮ ಅಂತ ಹೆಸರು, ಸೀತೂರಿನ ಹತ್ತಿರದ ಒಂದು ಹಳ್ಳಿಯ ವಿಳಾಸ.

ದರಗು ಅಂದರೆ ಕಾಡಿನ ಒಣಗಿದ ಎಲೆ. ದನದ ಕಾಲಡಿಗೆ ಹಾಸಲು ಬೇಸಗೆಯಲ್ಲಿ ಗುಡಿಸಿ ತರುತ್ತಾರೆ. ಮಂಗ ಸತ್ತ ಜಾಗದ ದರಗಿನಲ್ಲಿ ಉಣುಗು ಕಚ್ಚಿದರೆ ಮಂಗನ ಕಾಯಿಲೆ. ಅದರಲ್ಲಿ ಜೀವ ಹೋದವರ ಸುದ್ದಿ ನಮ್ಮ ಕಡೆ ಎಲ್ಲರೂ ಕೇಳಿದವರೇ.

ಕೂಡಲೇ ಆರೋಗ್ಯ ಇಲಾಖೆಯವರಿಗೆ ಫೋನ್ ಮಾಡಿದೆ. ಅವರು ಅರ್ಧ ಗಂಟೆಯಲ್ಲಿ ಹೊರಟರು. ಸತ್ತ ಮಂಗ ಸುಟ್ಟು, ಸುತ್ತ ಉಣುಗು ಸಾಯುವ ಪುಡಿ ಹಾಕಿ, ಅವು ಹತ್ತದಂತೆ ಕೈಕಾಲಿಗೆ ಹಚ್ಚುವ ಎಣ್ಣೆಯನ್ನು ಮನೆ ಮನೆಗೆ ಕೊಟ್ಟು ಬಂದರು. ಆದರೆ ಹಿಂದಿನ ದಿನ, ಬುಧವಾರ, ಒಬ್ಬಳು ದರಗಿಗೆ ಹೋಗಿ ಬಂದಿದ್ದಳು. ಶೇಷಮ್ಮನ ಸೊಸೆ ವಿನೋದಾ. ಐದನೇ ದಿನಕ್ಕೆ ಅವಳಿಗೆ ಜ್ವರ ಬಂತು.

ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನ ನನಗೆ ಅನ್ನ ಸೇರಲಿಲ್ಲ. ದಿನಾ ಧರ್ಮಪ್ಪನೇ ವಿಚಾರಿಸಿ ಬಂದು ಹೇಳುತ್ತಿದ್ದರು. 'ನಾನು ಅವತ್ತೇ ಹೇಳಿದ್ದೆ' ಎಂಬ ಮಾತು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ಹದಿಮೂರನೇ ದಿನ, ಜ್ವರ ಬಿಟ್ಟಿದೆ, ಮನೆಗೆ ಕಳಿಸುತ್ತಾರಂತೆ ಎಂದರು. ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

ಒಂದು ಭಾನುವಾರ ಹಣ್ಣು ಹಿಡಿದು ಅವರ ಮನೆಗೆ ಹೋದೆ. ಶೇಷಮ್ಮ ಅರವತ್ತು ದಾಟಿದ ಚುರುಕು ಹೆಂಗಸು. ನಾನು ನಿಂತೇ ಹೇಳಿಬಿಟ್ಟೆ, "ನಿಮ್ಮ ಡಬ್ಬಿ ಸೋಮವಾರವೇ ಬಂದಿತ್ತು. ಹೆದರಿ ಮೂರು ದಿನ ಬಿಚ್ಚದೆ ಇಟ್ಟವಳು ನಾನೇ. ಅಷ್ಟು ಟೇಪ್ ಸುತ್ತಿತ್ತಲ್ಲ."

"ಮೊದ್ಲು ಕೂತ್ಕಳಿ," ಎಂದರು ಶೇಷಮ್ಮ. "ಎಂತ ಮಾಡದು, ಸುತ್ತದೆ ಇದ್ರೆ ಅವು ದಾರಿಲಿ ಹೊರಗೆ ಬರ್ತಿರ್ಲಿಲ್ವಾ? ಪೋಸ್ಟಿನವ್ರಿಗೆ, ನಿಮ್ಗೆ ಕಚ್ಚಿದ್ರೆ? ಸುತ್ತಿ, ಸಾಹೇಬ್ರಿಗೆ ಅಂತ ಬರೆದ ಮೇಲೆ ನನ್ನ ಹೆಸ್ರು ಬರೆಯಕ್ಕೆ ಜಾಗಾನೇ ಇರ್ಲಿಲ್ಲ. ಬೇಗ ಮುಟ್ಲಿ ಅಂತ ಸ್ಟಾಂಪ್ ಮಾತ್ರ ಜಾಸ್ತಿ ಹಾಕಿದ್ದೆ."

ನಾನು ಅಪಾಯ ಎಂದು ಗುರುತು ಮಾಡಿದ್ದ ಟೇಪು ನನ್ನ ಮೇಲಿನ ಕಾಳಜಿಯಾಗಿತ್ತು.

ವಿನೋದಾ ಗೋಡೆಗೆ ಒರಗಿ ಕೂತಿದ್ದಳು. ತುಂಬಾ ಇಳಿದಿದ್ದಳು, ಕೈಯಲ್ಲಿ ಕಾಫಿ ಲೋಟ ಇತ್ತು. "ಸೋಮವಾರವೇ ಬಂದಿತ್ತಾ?" ಎಂದು ಕೇಳಿದಳು. ಹೌದೆಂದೆ.

"ಅತ್ತೆ ಬೇಡ ಅಂತಾನೇ ಇದ್ರು. ಮಂಗಳವಾರ ಸಂಜೆವರೆಗೂ ರಸ್ತೆ ನೋಡ್ತಾ ಕಾದ್ವಿ. ಅಂಥದ್ದು ಇದ್ದಿದ್ರೆ ಆಫೀಸಿನವ್ರು ಓಡಿ ಬರ್ತಿದ್ರು, ಬರ್ಲಿಲ್ಲ ಅಂದ್ರೆ ಎಂತದೂ ಇರ್ಲಿಕ್ಕಿಲ್ಲ ಅಂತ ನಾನೇ ಹೋದೆ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ತಪ್ಪು ತನ್ನದೇ ಎಂಬಂತೆ ಹೇಳಿ ಕಾಫಿ ಕುಡಿದಳು.

ಈಗಲೂ ಅನುಮಾನದ ಪಾರ್ಸೆಲ್ ಬಂದರೆ ನಾನು ಬಿಚ್ಚುವುದಿಲ್ಲ, ದೂರವೇ ಇಡುತ್ತೇನೆ. ಆ ನಿಯಮ ತಪ್ಪಲ್ಲ, ನಾಳೆ ನಿಜವಾಗಿಯೂ ಏನಾದರೂ ಬರಬಹುದು. ಆದರೆ ಅಂಚೆ ಮುದ್ರೆ ನೋಡಿ ಆ ಊರಿಗೆ ಮೊದಲು ಫೋನ್ ಮಾಡುತ್ತೇನೆ, ಕಳಿಸಿದವರು ಸಿಗುವ ತನಕ ಕೇಳುತ್ತೇನೆ. ಬಿಚ್ಚದೆ ಇಟ್ಟರೆ ಯಾರಿಗೂ ಏನೂ ಆಗುವುದಿಲ್ಲ ಅಂದುಕೊಂಡಿದ್ದೆ ನಾನು. ಆ ಮೂರು ದಿನ ಕಚೇರಿ ಸುಮ್ಮನಿದ್ದುದನ್ನೇ ವಿನೋದಾ ಉತ್ತರ ಎಂದು ನಂಬಿದಳು. ನಂಬಿ ಕಾಡಿಗೆ ಹೋದಳು.