ಕಂಬದೊಳಗಿಲ್ಲದ ಕಲ್ಲು

ದುರ್ಗಕ್ಕ, ನಿನ್ನ ಕಲ್ಲು ಆ ಕಂಬದೊಳಗಿಲ್ಲ. ಅದನ್ನು ಹೊರಗಿಟ್ಟವನು ನಾನು.

ಅರವತ್ತರ ದಶಕದ ಕೊನೆಯಲ್ಲಿ ನೆಲ ನಡುಗಿ ಹೊನ್ನಾವರದ ನಮ್ಮ ಕೇರಿ ಮಲಗಿತಲ್ಲ — ಮಳೆಗಾಲಕ್ಕೆ ಮುಂಚೆ ಅಷ್ಟೂ ಮನೆ ಎದ್ದು ನಿಂತವು. ಹೇಗೆ ಎಂದರೆ ನನಗೆ ಕಾಣುವುದು ನಿನ್ನ ಕಾಲು: ಬೆಳಿಗ್ಗೆ ಮೀನು ಮಾರಿ ಬಂದು, ಸಂಜೆಯವರೆಗೆ ಎಲ್ಲರ ಗೋಡೆಗೂ ಮಣ್ಣು ತುಳಿದ ಕಾಲು. ಹಾಡುತ್ತ ತುಳಿದೆ ಎಂದು ಬರೆಯಲು ಕೈ ಹೋಗುತ್ತದೆ — ನನ್ನ ನೆನಪನ್ನು ನಂಬಲಾರೆ. ನೀನು ಬೈಯುತ್ತಿದ್ದೆ, ಅದು ಖಂಡಿತ.

ಬಿದ್ದು ಎದ್ದ ಗುರುತಿಗೆ ಕೇರಿಯ ಬಾಯಲ್ಲಿ ಕಂಬ ಕಟ್ಟಿದೆವು. ಬಿದ್ದ ಪ್ರತಿ ಮನೆಯ ಗೋಡೆಯದೊಂದು ಕೆಂಪು ಚಿರೇಕಲ್ಲು ಅದರೊಳಗೆ. ಕಲ್ಲು ಕೂಡಿಸುವ ಕೆಲಸ ನನ್ನದು. ನಿನ್ನದೋ ಮಣ್ಣಿನ ಗೋಡೆ, ಸೋಗೆಯ ಮಾಡು. ಮನೆಯಲ್ಲಿದ್ದದ್ದು ಮಸಾಲೆ ಅರೆಯುವ ಕಲ್ಲೊಂದೇ. ನೀನು ಅದನ್ನೇ ಸೊಂಟಕ್ಕಿಟ್ಟು ತಂದೆ.

"ತಗಾ ತಮ್ಮಾ. ನಾಳಿಂದ ಎಂತದ್ರಲ್ಲಿ ಅರೀತೆ ಅಂತ ಕೇಳ್ಬೇಡ. ತಳಕ್ಕೇ ಇಡು. ನಿಮ್ಮನೆ ಕಲ್ಲು ಮೇಲೆ ಕೂತ್ಕಳ್ಲಿ — ಭಾರ ಹೊತ್ತು ರೂಢಿ ಅದೆ ನಂಗೆ."

"ಆತು ದುರ್ಗಕ್ಕ" ಎಂದೆ.

ಕಂಬಕ್ಕೆ ಪೂಜೆ ಆಗುವುದಿತ್ತು. ಮೀನಿನ ಮಸಾಲೆ ಅರೆದ ಕಲ್ಲು... ಯಾರೂ ಬೇಡ ಅನ್ನಲಿಲ್ಲ. ಅನ್ನಲಿ ಎಂದು ನಾನು ಕಾಯಲೂ ಇಲ್ಲ. ದೋಣಿ ನಿಲ್ಲುವ ಧಕ್ಕೆಯಲ್ಲಿ ಒಂದು ಮೆಟ್ಟಿಲು ಕಿತ್ತುಹೋಗಿತ್ತು. ನಿನ್ನ ಕಲ್ಲನ್ನು ಮಗುಚಿ ಅಲ್ಲಿ ಹೂತೆ. ಕಂಬದ ತಳಕ್ಕೆ ನಮ್ಮ ಮನೆಯದೇ ಇನ್ನೊಂದು ಕಲ್ಲು.

ಅನಾವರಣದ ದಿನ ವಾದ್ಯ ಇತ್ತೆ? ನಾನು ಆಮೇಲೆ ಸೇರಿಸಿದೆನೋ ಏನೋ. ನಿನ್ನ ದನಿಯಂತೂ ಇತ್ತು. ಕಂಬಕ್ಕೆ ಕೈ ಹಚ್ಚಿ ಕೂಗಿದೆ: "ನೋಡ್ರೋ, ನಿಮ್ಮೆಲ್ಲರ ಮನೆನೂ ನನ್ ಮನೆ ಮೇಲೆ ನಿಂತದೆ!"

ಹೊಸ ಹಂಚಿನ ಕೇರಿಯೇ ನಕ್ಕಿತು, ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಮರುದಿನ ನೀನು ಬುಟ್ಟಿ ಹೊತ್ತು ದೋಣಿಯಿಂದ ಇಳಿದೆ — ನಿನ್ನ ಕಲ್ಲಿನ ಮೇಲೇ ಕಾಲಿಟ್ಟು. ಆಮೇಲೆ ವರ್ಷಗಟ್ಟಲೆ. ನಾನು ನೋಡುತ್ತಿದ್ದೆ.

ಸೇತುವೆ ಬಂದ ಮೇಲೆ ಧಕ್ಕೆಯ ಕಡೆ ಯಾರೂ ಹೋಗುವುದಿಲ್ಲ. ನಿನ್ನೆ ಇಳಿತದ ಹೊತ್ತಿಗೆ ಹೋಗಿ ಕಲ್ಲನ್ನು ಎಬ್ಬಿಸಿದೆ. ಮೇಲೆಲ್ಲ ಸಿಂಪಿ ಕಚ್ಚಿದೆ. ಮಗುಚಿದರೆ — ನೀನು ಅರೆದ ಗುಳಿ ಹಾಗೇ ಇದೆ, ನುಣ್ಣಗೆ.

ನಾಳೆ ಹಾಡಹಗಲೇ ಅದನ್ನು ತಲೆಯ ಮೇಲೆ ಹೊತ್ತು ಕೇರಿಯ ನಡುವೆ ಬರುತ್ತೇನೆ. ಕೇಳಿದವರಿಗೆಲ್ಲ ಇದು ಯಾರದು, ಎಲ್ಲಿತ್ತು, ಯಾರು ಇಟ್ಟದ್ದು ಎಂದು ಹೇಳುತ್ತ ಬರುತ್ತೇನೆ. ನೀನು ಬೈಯಬೇಕಾದ್ದನ್ನು ಬೈದು ಮುಗಿಸು. ಹಾರೆ ನನ್ನ ಕೈಯಲ್ಲಿರುತ್ತದೆ. ಕಂಬದ ತಳದಿಂದ ನಮ್ಮ ಮನೆಯ ಕಲ್ಲನ್ನು ನಾನೇ ಕೀಳುತ್ತೇನೆ.